ದುಡಿಮೆಯ ದಣಿವು, ಮನಸ್ಸಿನ ಮಂಕು
(ಸದಸ್ಯರ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣು ಮಂಕಾಗಿದೆ, ಕಿವಿ ಜೋತುಬಿದ್ದಿದೆ ಎಂದು ದೂರದಿಂದಲೇ ಗುರುತಿಸಿ ಪಶುವೈದ್ಯರಿಗೆ ಹೇಳಿ ಕಳಿಸುತ್ತೀರಿ. ಅದು ಸೋಮಾರಿಯೆಂದು ಯಾರೂ ಬೈಯುವುದಿಲ್ಲ. ಆದರೆ ಮನೆಯ ಹೆಣ್ಣುಮಗಳು ಎರಡು ತಿಂಗಳಿಂದ ಮಾತು ಬಿಟ್ಟು, ಸಣ್ಣದಕ್ಕೂ ಸಿಡುಕುತ್ತಿದ್ದರೆ "ಅವಳ ಗುಣವೇ ಹಾಗೆ" ಎಂದುಬಿಡುತ್ತೇವೆ. ಈ ಮಂಕಿನ ಬೇರು ಎಷ್ಟೋ ಸಲ ಶರೀರದಲ್ಲೇ ಇರುತ್ತದೆ.

"ಬೆಳಗಿನಿಂದ ರಾತ್ರಿಯವರೆಗೆ ಮೈಮುರಿದು ದುಡಿಯುವ ನಮಗೆ ವ್ಯಾಯಾಮವೇಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ದುಡಿಮೆ ಮೈಯನ್ನು ಒಂದೇ ರೀತಿಯಲ್ಲಿ ಸವೆಸುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು ಹಾಲು ಕರೆಯುವುದು, ಬಗ್ಗಿ ಸಗಣಿ ಬಾಚುವುದು, ಬಗ್ಗಿ ಹುಲ್ಲು ಕೊಯ್ಯುವುದು, ಮೇಲೆ ತಲೆಹೊರೆ. ಸೊಂಟನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ಸಿಡುಕು, ಮರೆವು, ಯಾವುದೂ ಬೇಡವೆಂಬ ಭಾವ. ನಸುಕಿನಲ್ಲೇ ಏಳುವವರು ರಾತ್ರಿ ಹನ್ನೊಂದರವರೆಗೆ ಟಿ.ವಿ. ಮುಂದೆ ಕುಳಿತರಂತೂ ಮುಗಿಯಿತು, ಈಗ ಮೊಬೈಲು ಬೇರೆ.

ನೆಟ್ಟಗೆ ನಿಂತು ಕೈಬೀಸಿ ನಡೆಯುವುದು ಇದಕ್ಕೊಂದು ಮದ್ದು. ಪೇಟೆಯವರ ಕೆಲಸವೆಂದು ನಗಬೇಡಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿಂದ ಬಳಲುತ್ತಿದ್ದ, ಐವತ್ತು ದಾಟಿದ 156 ಮಂದಿಯ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮಾತ್ರೆ, ಕೆಲವರಿಗೆ ವಾರಕ್ಕೆ ಮೂರು ದಿನ ವ್ಯಾಯಾಮ, ಉಳಿದವರಿಗೆ ಎರಡೂ. 16 ವಾರಗಳ ನಂತರ ಮೂರೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದರು. ಮಾತ್ರೆಯಿಂದ ಮೊದಮೊದಲು ಬೇಗ ಗುಣ ಕಂಡಿತ್ತು ಎಂಬುದನ್ನೂ ಹೇಳಬೇಕು. ಆದ್ದರಿಂದ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ನಡೆಯಲು ಹೊರಡಬೇಡಿ. ಡೈರಿಗೆ ಹಾಲು ಹಾಕಿ ಬರುವಾಗ ಗಾಡಿ ಬಿಟ್ಟು ಬಿರುಸಾಗಿ ನಡೆದರೂ ಸಾಕು. ವಾರಕ್ಕೆ 150 ನಿಮಿಷವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ನಡಿಗೆಗೆ ಬಗ್ಗದ ಮಂಕೂ ಉಂಟು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ಬ್ರುಸೆಲ್ಲಾ ರೋಗ ತಗಲಬಹುದು. ಬಂದು ಹೋಗುವ ಜ್ವರ, ಬೆವರು, ಬೆನ್ನುನೋವು, ಜೊತೆಗೆ ವಾರಗಟ್ಟಲೆ ಕುಗ್ಗಿದ ಮನಸ್ಸು. ಇಂಥವರು ವೈದ್ಯರ ಬಳಿ "ನಾನು ದನ ಸಾಕುವವನು" ಎಂದು ಮೊದಲು ಹೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿ. ತಾಯಂದಿರಿಗೆ ಇನ್ನೊಂದು ಮಾತು: 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧ ಮಂದಿಗೆ ರಕ್ತಹೀನತೆ. ಸುಸ್ತು, ಏದುಸಿರು, ಸಿಡುಕು ಇದರ ಗುರುತುಗಳು. ಹಾಲಿನಲ್ಲಿ ಕಬ್ಬಿಣದ ಅಂಶ ಬಲು ಕಡಿಮೆ. ಸೊಪ್ಪು, ಕಾಳು ತಿನ್ನಿ, ಊಟದ ಜೊತೆಗೇ ಕಾಫಿ, ಟೀ ಬೇಡ.

ಇಷ್ಟಾದರೂ ಮನಸ್ಸು ಏಳದಿದ್ದರೆ, ಬದುಕೇ ಬೇಡವೆನಿಸಿದರೆ, ದೆವ್ವ, ಗಾಳಿ ಎಂದು ಅಲೆಯುತ್ತ ದಿನ ಕಳೆಯಬೇಡಿ. ಹಳ್ಳಿಯವರಿಗೆ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ದೊರಕಿಸುವ ಕೆಲಸವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಲಿನ ಲೆಕ್ಕದ ಪುಸ್ತಕದ ರಟ್ಟಿನ ಮೇಲೆ ಈಗಲೇ ಬರೆದುಕೊಳ್ಳಿ. ಪೆನ್ನು ಇಲ್ಲದವರಿಗೆ ಕಾರ್ಯದರ್ಶಿಗಳು ಬರೆದುಕೊಡುತ್ತಾರೆ.