ಕೋಟೆಯ ನೆರೆಯ ಜಾಗದ ಬೆಲೆ



ಶಿವಪ್ಪ ನಾಯಕನ ಹೆಸರಿಗೆ ಸಲ್ಲುವ ಬೇಕಲ ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕಗಳ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. 1992ರ ಅಧಿಸೂಚನೆಯಲ್ಲಿದ್ದ ಈ ಮಿತಿಯನ್ನು 2010ರಲ್ಲಿ ಕಾನೂನಿಗೇ ಸೇರಿಸಲಾಯಿತು.

ಇದರ ಪೆಟ್ಟು ಎಲ್ಲರಿಗೂ ಸಮನಲ್ಲ. 100 ಮೀಟರಿನೊಳಗೆ ಹಳೆಯ ಮನೆಯುಳ್ಳವರು ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಆದರೆ ಮಗಳ ಮದುವೆಗೆಂದು ಐದು ಸೆಂಟ್ಸ್ ಖಾಲಿ ಜಾಗ ಉಳಿಸಿಕೊಂಡವರಿಗೆ ಗಿರಾಕಿಯೇ ಸಿಕ್ಕುವುದು ಕಷ್ಟ. ಮನೆ ಕಟ್ಟಲಾಗದ ಜಾಗಕ್ಕೆ ಮನೆಯ ಬೆಲೆ ಯಾರು ಕೊಟ್ಟಾರು?

ಕೋಟೆ ನಾಡಿನ ಸೊತ್ತು; ಅದು ಉಳಿಯಲೇಬೇಕು. ಆದರೆ ನಾಡಿನ ಸೊತ್ತಿನ ಭಾರವನ್ನು ನೆರೆಮನೆಯವರೇ ಹೊರುವುದು ನ್ಯಾಯವಲ್ಲ. ಸರಕಾರ ಅವರ ನಷ್ಟವನ್ನೂ ಯೋಚಿಸಲಿ. ಕೊಳ್ಳುವವರು ಮುಂಗಡ ಕೊಡುವ ಮೊದಲೇ ದೂರ ಅಳೆಸಲಿ.