ಮೋಟಾರು ಬಾರದ ದಾರಿ: ಫ್ರಾನ್ಸಿನ ಹಳ್ಳಿಗಾಡಿನ ಹಸಿರು ದಾರಿಗಳು

(ಒಕ್ಕೂಟದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಹಾಲಿನವರ ಶಿಬಿರದಲ್ಲಿ ಸೈಕಲ್ಲಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸೈಕಲ್ಲು ನಮಗೇನೂ ಹೊಸದಲ್ಲ. ಕ್ಯಾರಿಯರಿಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಎದೆ ಹೇಗೆ ಝಲ್ ಎನ್ನುತ್ತದೆ ಎಂಬುದೂ ನಿಮಗೆ ಗೊತ್ತು. ಈ ಭಯವೇ ಇಲ್ಲದ ದಾರಿಗಳು ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿವೆ. ಅಲ್ಲಿ ಕಾರು, ಲಾರಿ, ಮೋಟಾರ್ ಸೈಕಲ್ಲು ಓಡಾಡುವಂತಿಲ್ಲ. ನಡೆಯುವವರು, ಸೈಕಲ್ಲಿನವರು, ಕುದುರೆ ಏರಿದವರು ಮಾತ್ರ ಹೋಗಬಹುದು. ಇವನ್ನು ಅಲ್ಲಿನವರು ‘ವ್ವಾ ವೆರ್ತ್’, ಅಂದರೆ ಹಸಿರು ದಾರಿ ಎಂದು ಕರೆಯುತ್ತಾರೆ. ದಿನಗಟ್ಟಲೆ ಸೈಕಲ್ಲಿನಲ್ಲೇ ಊರಿಂದೂರಿಗೆ ಪ್ರವಾಸ ಮಾಡುವ ಜನರಿಗೆ ಇವು ರಾಜಮಾರ್ಗಗಳು. ಈ ದಾರಿಗಳು ಹೋಗುವುದು ಹೆಚ್ಚಾಗಿ ಹೈನುಗಾರರ, ದ್ರಾಕ್ಷಿ ಬೆಳೆಗಾರರ ಹಳ್ಳಿಗಳ ಮೂಲಕ. ಆದ್ದರಿಂದ ಅವು ಹೇಗೆ ಹುಟ್ಟಿದವು, ಹಳ್ಳಿಗೆ ಅವುಗಳಿಂದ ಏನು ಬರುತ್ತದೆ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಹಳಿ ಹೋಯಿತು, ನೆಲ ಉಳಿಯಿತು

1879ರಲ್ಲಿ ಫ್ರಾನ್ಸಿನ ಲೋಕೋಪಯೋಗಿ ಮಂತ್ರಿಯಾಗಿದ್ದವರು ಶಾರ್ಲ್ ದ ಫ್ರೇಸಿನೆ. ನಮ್ಮ ತಾಲೂಕು ಕೇಂದ್ರಕ್ಕೆ ಸಮನಾದ ಸಣ್ಣ ಪಟ್ಟಣಗಳಿಗೂ ರೈಲು ಮುಟ್ಟಬೇಕೆಂಬುದು ಅವರ ಯೋಜನೆ. ಎಂಟು ಸಾವಿರ ಕಿ.ಮೀ.ಗೂ ಹೆಚ್ಚು ಹೊಸ ಮಾರ್ಗಗಳಿಗೆ ಆಗ ಕಾನೂನಿನ ಒಪ್ಪಿಗೆ ಸಿಕ್ಕಿತು. ಹಾಲು, ಬೆಣ್ಣೆ, ದನಕರು, ಕಾಳುಕಡಿ ಎಲ್ಲವೂ ಈ ಸಣ್ಣ ರೈಲುಗಳಲ್ಲಿ ಪೇಟೆಗೆ ಹೋದವು. ಮುಂದೆ ಲಾರಿ, ಬಸ್ಸುಗಳು ಬಂದವು. 1938ರಲ್ಲಿ ರೈಲ್ವೆ ಕಂಪನಿಗಳೆಲ್ಲ ಒಂದೇ ರಾಷ್ಟ್ರೀಯ ಸಂಸ್ಥೆಯಾದಾಗ ನಷ್ಟದ ಮಾರ್ಗಗಳನ್ನು ಮುಚ್ಚುವ ಕೆಲಸ ಜೋರಾಯಿತು. ಎರಡನೆಯ ಮಹಾಯುದ್ಧದ ನಂತರವೂ ಅದು ದಶಕಗಳ ಕಾಲ ನಡೆಯಿತು. ಹಳಿಗಳನ್ನು ಕಿತ್ತರು. ಉಳಿದದ್ದು ಕೆಲವೇ ಮೀಟರು ಅಗಲದ ಉದ್ದನೆಯ ನೆಲ, ಜೊತೆಗೆ ಸೇತುವೆ, ಸುರಂಗ ಮತ್ತು ಪಾಳುಬಿದ್ದ ನಿಲ್ದಾಣಗಳು.

ಈ ನೆಲಕ್ಕೆ ಒಂದು ಗುಣವಿದೆ. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ನೂರು ಮೀಟರು ಹೋದರೆ ಎರಡು ಮೂರು ಮೀಟರಿಗಿಂತ ಹೆಚ್ಚು ಏರದಂತೆ ಗುಡ್ಡ ಕಡಿದು, ತಗ್ಗು ತುಂಬಿಸಿ ಮಟ್ಟ ಮಾಡಿರುತ್ತಾರೆ. ಎಪ್ಪತ್ತರ ಅಜ್ಜಿಯೂ ಎಂಟರ ಮಗುವೂ ಏದುಸಿರಿಲ್ಲದೆ ಸೈಕಲ್ಲು ತುಳಿಯಬಹುದು.

ಕಾಲುವೆ ದಂಡೆಗಳದೂ ಇದೇ ಕಥೆ. ಹಿಂದೆ ಸರಕಿನ ದೋಣಿಗಳಿಗೆ ಹಗ್ಗ ಕಟ್ಟಿ ಕುದುರೆಗಳೂ ಆಳುಗಳೂ ದಂಡೆಯ ಮೇಲೆ ನಡೆಯುತ್ತ ಎಳೆಯುತ್ತಿದ್ದರು. ದೋಣಿಗೆ ಎಂಜಿನ್ ಬಂದ ಮೇಲೆ ಆ ದಾರಿ ಬರಿದಾಯಿತು. ಇಂದು ಅದೇ ದಾರಿಯಲ್ಲಿ ಸೈಕಲ್ಲು ಓಡುತ್ತಿದೆ.

ಬರ್ಗಂಡಿಯ ಮೊದಲ ಹೆಜ್ಜೆ

ಹಳೆಯ ರೈಲುದಾರಿಯನ್ನು ಹಸಿರು ದಾರಿಯಾಗಿ ಮಾಡಿದ ಮೊದಲ ದೊಡ್ಡ ಕೆಲಸ ನಡೆದದ್ದು ಬರ್ಗಂಡಿಯ ಸೋನ್-ಎ-ಲ್ವಾರ್ ಜಿಲ್ಲೆಯಲ್ಲಿ. 1997ರಲ್ಲಿ ಜಿವ್ರಿಯಿಂದ ಕ್ಲೂನಿಯವರೆಗೆ 44 ಕಿ.ಮೀ. ದಾರಿ ತೆರೆಯಿತು. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಶರೊಲೆ ಜಾತಿಯ ಬಿಳಿ ದನಗಳು ಮೇಯುವ ಹುಲ್ಲುಗಾವಲು. ಕ್ಲೂನಿ ಎಂಬುದು 910ರಲ್ಲಿ ಸ್ಥಾಪನೆಯಾದ ಹೆಸರಾಂತ ಮಠದ ಊರು. ನಡುವೆ ಬ್ಯೂಸಿ ಎಂಬ ಊರಿನಲ್ಲಿ 1931ರಲ್ಲಿ ಹುಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಿದೆ.

ಮುಂದೆ ಈ ದಾರಿ ಮಾಕೊಂ ಪಟ್ಟಣದ ಕಡೆಗೂ ಬೆಳೆಯಿತು. ಅಲ್ಲಿ ಸುಮಾರು 1.6 ಕಿ.ಮೀ. ಉದ್ದದ ಹಳೆಯ ರೈಲು ಸುರಂಗದೊಳಗೇ ಸೈಕಲ್ಲು ಹೋಗುತ್ತದೆ. ಆದರೆ ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ. ಬಾವಲಿಗಳು ಅಲ್ಲಿ ಚಳಿನಿದ್ದೆ ಮಾಡುತ್ತವೆ, ಅವುಗಳಿಗೆ ತೊಂದರೆಯಾಗಬಾರದು ಎಂಬುದೇ ಕಾರಣ. ಆ ತಿಂಗಳುಗಳಲ್ಲಿ ಸೈಕಲ್ಲಿನವರು ಗುಡ್ಡ ಹತ್ತಿ ಇಳಿಯಬೇಕು.

ಈ ಕೆಲಸ ಕಂಡ ಮರುವರ್ಷ, 1998ರಲ್ಲಿ, ದೇಶಕ್ಕೆಲ್ಲ ಒಂದು ಸೈಕಲ್ ದಾರಿ ಯೋಜನೆಗೆ ಸರ್ಕಾರ ಒಪ್ಪಿತು. 2004ರಲ್ಲಿ ‘ಹಸಿರು ದಾರಿ’ ಎಂಬುದು ರಸ್ತೆ ಸಂಚಾರ ಕಾನೂನಿನಲ್ಲೇ ಸೇರಿತು. ಮೋಟಾರು ಬರಬಾರದು ಎಂಬ ಫಲಕಕ್ಕೆ ಕಾನೂನಿನ ಬಲ ಸಿಕ್ಕಿತು.

ಹಾಲಿನ ನಾಡಿನ ಕಾಲುವೆ

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಆ ದೇಶದಲ್ಲೇ ಅತಿ ಹೆಚ್ಚು ಹಾಲು ಕೊಡುವ ಪ್ರದೇಶ. ಅದರ ನಟ್ಟನಡುವೆ ನಾಂತ್ ಪಟ್ಟಣದಿಂದ ಬ್ರೆಸ್ಟ್ ಬಂದರಿನ ಕಡೆಗೆ ಸುಮಾರು 360 ಕಿ.ಮೀ. ಉದ್ದದ ಕಾಲುವೆ ಇದೆ. ಇಂಗ್ಲಿಷ್ ನೌಕಾಪಡೆ ಸಮುದ್ರದ ದಾರಿ ಕಟ್ಟಿದ್ದಾಗ ಒಳನಾಡಿನಿಂದಲೇ ಬಂದರಿಗೆ ಸಾಮಾನು ತಲುಪಿಸಲು ನೆಪೋಲಿಯನ್ ಮಾಡಿಸಿದ ಯೋಜನೆಯಿದು. 1811ರಲ್ಲಿ ಅಗೆತ ಶುರುವಾಗಿ 1842ರಲ್ಲಿ ಪೂರ್ತಿಯಾಯಿತು.

ಇಂದು ಅದರ ದಂಡೆಯ ಬಹುಭಾಗ ಮೋಟಾರಿಲ್ಲದ ದಾರಿ. ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸಲು, ಕೆಳಕ್ಕೆ ಇಳಿಸಲು ಅಲ್ಲಲ್ಲಿ ಬಾಗಿಲುಳ್ಳ ನೀರಿನ ಕಟ್ಟೆಗಳಿವೆ. ಒಂದೊಂದು ಕಟ್ಟೆಗೂ ಕಾವಲುಗಾರನ ಪುಟ್ಟ ಮನೆ. ಖಾಲಿಯಾಗಿದ್ದ ಅಂಥ ಕೆಲವು ಮನೆಗಳು ಈಗ ಕಾಫಿ ಅಂಗಡಿಗಳೂ ತಂಗುಮನೆಗಳೂ ಆಗಿವೆ.

ಬ್ರಿಟನಿಯ ಹಳೆಯ ನಾಟಿ ತಳಿಯೊಂದರ ಮಾತನ್ನೂ ಇಲ್ಲಿ ಹೇಳಬೇಕು. ಕಪ್ಪು ಬಿಳಿ ಮಚ್ಚೆಯ, ಗಿಡ್ಡ ಜಾತಿಯ ಹಸು ಅದು. ಹೆಚ್ಚು ಹಾಲಿನ ತಳಿಗಳು ಬಂದ ಮೇಲೆ ಅಳಿವಿನ ಅಂಚಿಗೆ ಹೋಗಿತ್ತು. 1976ರಲ್ಲಿ ಅದನ್ನು ಉಳಿಸುವ ಯೋಜನೆ ಆರಂಭವಾಯಿತು. ಈ ಹಸುವಿನ ಹಾಲಿನಿಂದ ‘ಗ್ವೆಲ್’ ಎಂಬ ಗಟ್ಟಿ ಮೊಸರು ಮಾಡಿ ರೈತರು ತಾವೇ ಮಾರುತ್ತಾರೆ. ಹೆಚ್ಚು ಹಾಲು ಕೊಡದ ಹಸು ಉಳಿದದ್ದು ಮೊಸರಿನ ರುಚಿ ಅರಿತು ಬಂದು ಕೊಳ್ಳುವ ಜನ ಇರುವುದರಿಂದಲೂ ಹೌದು.

ದ್ರಾಕ್ಷಿ ಸತ್ತಾಗ ಹಾಲು ಕಾಯಿತು

ನಾರ್ಮಂಡಿಯ ಸಮುದ್ರ ತೀರದಿಂದ ದಕ್ಷಿಣಕ್ಕೆ ಲಾ ರೋಶೆಲ್ ಬಂದರಿನವರೆಗೆ ‘ವೇಲೊ ಫ್ರಾನ್ಸೆಟ್’ ಎಂಬ ಇನ್ನೊಂದು ದಾರಿಯಿದೆ. ಉದ್ದ ಆರುನೂರು ಕಿ.ಮೀ.ಗೂ ಹೆಚ್ಚು. ಇದೆಲ್ಲವೂ ಹಸಿರು ದಾರಿಯಲ್ಲ. ಕೆಲವೆಡೆ ಹಳೆಯ ರೈಲುದಾರಿ, ಮಾಯೆನ್ ನದಿಯ ಪಕ್ಕ ಹಳೆಯ ದೋಣಿ ಎಳೆಯುವ ದಾರಿ, ಉಳಿದೆಡೆ ವಾಹನ ಕಡಿಮೆಯಿರುವ ಹಳ್ಳಿರಸ್ತೆಗಳು. ಕೊನೆಯಲ್ಲಿ ನಿಯೋರ್ ಪಟ್ಟಣದ ಬಳಿ ಜೌಗು ನೆಲ ಬರುತ್ತದೆ. ಹೊಲಗಳ ನಡುವೆ ರಸ್ತೆಗಿಂತ ನೀರಿನ ಕಾಲುವೆಗಳೇ ಹೆಚ್ಚಾದ್ದರಿಂದ ಅಲ್ಲಿನ ರೈತರು ಹಸುಗಳನ್ನು ಚಪ್ಪಟೆ ದೋಣಿಯಲ್ಲಿ ನಿಲ್ಲಿಸಿಕೊಂಡು ಮೇವಿನ ಜಾಗಕ್ಕೆ ಸಾಗಿಸುತ್ತಿದ್ದರು.

ಅಲ್ಲಿಂದ ತುಸು ದಕ್ಷಿಣಕ್ಕೆ ಹೋದರೆ ಸುರ್ಜೇರ್ ಪಟ್ಟಣದ ಹತ್ತಿರ ಶಾಯೆ ಎಂಬ ಪುಟ್ಟ ಹಳ್ಳಿ. ಸಹಕಾರಿಗಳಾದ ನಾವು ನೆನಪಿಡಬೇಕಾದ ಊರು ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಕೀಟ ಬೇರು ತಿಂದು ಆ ಸೀಮೆಯ ದ್ರಾಕ್ಷಿ ತೋಟಗಳನ್ನೆಲ್ಲ ಒಣಗಿಸಿತು. ಬದುಕು ಕೆಟ್ಟ ರೈತರು ದ್ರಾಕ್ಷಿ ಇದ್ದಲ್ಲಿ ಹುಲ್ಲು ಬೆಳೆಸಿ ಹಸು ಕಟ್ಟಿದರು. 1888ರಲ್ಲಿ ಯೂಜೀನ್ ಬಿರೋ ಎಂಬುವರು ಶಾಯೆಯಲ್ಲಿ ಆ ಸೀಮೆಯ ಮೊದಲ ಹಾಲಿನ ಸಹಕಾರ ಸಂಘ ಕಟ್ಟಿದರು. ನೋಡುನೋಡುತ್ತಲೇ ಸುತ್ತಲ ಊರುಗಳಲ್ಲೂ ಸಂಘಗಳಾದವು. ನಿಯೋರ್ ಹತ್ತಿರದ ಎಶಿರೆ ಊರಿನ ಸಂಘ 1894ರದು. ಅದರ ಬೆಣ್ಣೆ ಇಂದು ದೇಶವಿದೇಶಗಳಲ್ಲಿ ಹೆಸರಾಗಿದೆ. ಸುರ್ಜೇರ್‌ನಲ್ಲಿ ಡೇರಿ ತರಬೇತಿ ಶಾಲೆಯೂ ಇದೆ.

ಸೈಕಲ್ಲಿನವರು ದಿನದಿನಕ್ಕೆ ಕೊಳ್ಳುವವರು

ಈಗ ಹಳ್ಳಿಗೆ ಬರುವ ಲಾಭದ ಮಾತು. ಕಾರಿನಲ್ಲಿ ಬರುವವನು ಪಟ್ಟಣದ ದೊಡ್ಡ ಅಂಗಡಿಯಲ್ಲಿ ಡಿಕ್ಕಿ ತುಂಬಿಕೊಂಡು, ಹತ್ತು ಹಳ್ಳಿಗಳನ್ನು ಹತ್ತು ನಿಮಿಷದಲ್ಲಿ ದಾಟಿ ಹೋಗುತ್ತಾನೆ. ಹಳ್ಳಿಗೆ ಅವನಿಂದ ಬರುವುದು ಧೂಳು ಮಾತ್ರ. ಸೈಕಲ್ಲಿನವನ ಬಳಿ ಇರುವುದು ಎರಡು ಚೀಲ. ಹೆಚ್ಚು ಹೊರಲಾರ, ದಿನಕ್ಕೆ ನಲವತ್ತು ಐವತ್ತು ಕಿ.ಮೀ. ತುಳಿದು ಹಸಿದಿರುತ್ತಾನೆ. ಬೆಳಿಗ್ಗೆ ಒಂದು ಊರಿನಲ್ಲಿ ರೊಟ್ಟಿ, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಚೀಸು ಹಣ್ಣು, ರಾತ್ರಿ ಮತ್ತೊಂದು ಊರಿನಲ್ಲಿ ಊಟ ಮತ್ತು ಹಾಸಿಗೆ. ದುಡ್ಡು ಸ್ವಲ್ಪವೇ ಇರಬಹುದು, ಅದು ಊರೂರಿಗೂ ಹಂಚಿಹೋಗುತ್ತದೆ.

ಇದನ್ನು ಬಳಸಿಕೊಳ್ಳಲು ಅಲ್ಲಿನ ರೈತರು ಒಬ್ಬೊಬ್ಬರೇ ಹೊರಡಲಿಲ್ಲ. ಹಳ್ಳಿಮನೆಗಳಲ್ಲಿ ಪ್ರವಾಸಿಗರಿಗೆ ತಂಗಲು ಕೊಡುವವರ ಒಕ್ಕೂಟ 1955ರಲ್ಲೇ ಆಯಿತು. 1988ರಲ್ಲಿ ಕೃಷಿ ಮಂಡಳಿಗಳು ಸೇರಿ ‘ಹೊಲಮನೆಗೆ ಸ್ವಾಗತ’ ಎಂಬ ಅರ್ಥದ ಹೆಸರಿನಲ್ಲಿ ಜಾಲ ಕಟ್ಟಿದವು. ಸೈಕಲ್ ಪ್ರವಾಸಿಗರಿಗಾಗಿಯೇ ಒಂದು ಗುರುತಿನ ಫಲಕವಿದೆ. ಅದನ್ನು ಹಾಕಿಕೊಳ್ಳಬೇಕಾದರೆ ತಂಗುಮನೆ ದಾರಿಯಿಂದ 5 ಕಿ.ಮೀ. ಒಳಗಿರಬೇಕು, ಸೈಕಲ್ಲಿಗೆ ಭದ್ರವಾದ ಜಾಗವಿರಬೇಕು, ರಿಪೇರಿ ಸಾಮಾನು ಇಟ್ಟಿರಬೇಕು.

ಹೈನುಗಾರರಿಗೆ ಈ ಕೈಗಾಸು ಏಕೆ ಮುಖ್ಯ? ಯುರೋಪಿನಲ್ಲಿ 1984ರಿಂದ ಯಾರು ಎಷ್ಟು ಹಾಲು ಮಾರಬಹುದೆಂಬ ಕೋಟಾ ಇತ್ತು. 2015ರಲ್ಲಿ ಅದು ಹೋಯಿತು. ದರದ ಏರಿಳಿತ ನೇರವಾಗಿ ರೈತನ ಮೇಲೆ ಬಿತ್ತು. ಸಣ್ಣ ಹೈನು ಮನೆಗಳು ಒಂದೊಂದಾಗಿ ಮುಚ್ಚುತ್ತಿವೆ. ಇಂಥ ಹೊತ್ತಿನಲ್ಲಿ ಮನೆ ಬಾಗಿಲಿನಲ್ಲೇ ಮಾರಿದ ಚೀಸು, ಬಾಡಿಗೆಗೆ ಕೊಟ್ಟ ಕೋಣೆ ಒಂದು ಆಸರೆ. ಹಾಗೆಂದು ಇದು ಚಿನ್ನದ ಗಣಿಯೇನಲ್ಲ. ಬೆಳಗಿನ ಜಾವ ಹಾಲು ಕರೆಯುವ ಮನೆಯಲ್ಲಿ ಅತಿಥಿಗೆ ತಿಂಡಿ ಮಾಡುವುದೂ ದುಡಿಮೆಯೇ, ಬಹುಪಾಲು ಅದು ಮನೆಯ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತದೆ. ಪ್ರವಾಸಿಗರು ಹೆಚ್ಚಾಗಿ ಬರುವುದು ಬೇಸಿಗೆಯಲ್ಲಿ. ದಾರಿಯಿಂದ ದೂರದ ಊರಿಗೆ ಸಿಗುವುದು ಕಡಿಮೆ.

ತುಂಡಾದರೆ ದಾರಿಯಲ್ಲ

ಕೊನೆಯದಾಗಿ ಒಂದು ಮಾತು. ರೈಲು ನಿಂತ ಮೇಲೆ ಕೆಲವು ಕಡೆ ಆ ನೆಲವನ್ನು ತುಂಡುತುಂಡಾಗಿ ಅಕ್ಕಪಕ್ಕದವರಿಗೆ ಮಾರಿದರು. ಒಂದು ಕಡೆ ಕೊಟ್ಟಿಗೆ ಎದ್ದಿತು, ಇನ್ನೊಂದು ಕಡೆ ಸೇತುವೆ ಕೆಡವಿದರು. ಕೊಂಡವರಿಗೆ ಸಿಕ್ಕಿದ್ದು ಕೆಲವು ಮೀಟರು ನೆಲ. ಹೋದದ್ದು ಹತ್ತಾರು ಊರುಗಳನ್ನು ಕೂಡಿಸಬಹುದಾಗಿದ್ದ ದಾರಿ. ಅಂಥಲ್ಲಿ ಇಂದು ಸೈಕಲ್ಲಿನವರು ಲಾರಿ ಓಡುವ ರಸ್ತೆಗೆ ಇಳಿಯಬೇಕು, ಮಕ್ಕಳೊಂದಿಗೆ ಬಂದವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಬ್ರಿಟನಿಯ ಕಾಲುವೆಗೂ ಹೀಗೇ ಆಯಿತು. 1930ರಲ್ಲಿ ಮುಗಿದ ಗೆರ್ಲೆದಾಂ ಅಣೆಕಟ್ಟು ವಿದ್ಯುತ್ತು ಕೊಟ್ಟಿತು. ಆದರೆ ಕಾಲುವೆಯನ್ನು ಎರಡು ತುಂಡು ಮಾಡಿತು. ಆಮೇಲೆ ನಾಂತ್‌ನಿಂದ ಹೊರಟ ದೋಣಿ ಬ್ರೆಸ್ಟ್ ಸೇರಲಿಲ್ಲ. ಸೈಕಲ್ಲಿನವರೂ ಜಲಾಶಯವನ್ನು ಬಳಸಿ ಹೋಗಬೇಕು.

ಎಲ್ಲಿ ಜಿಲ್ಲಾಡಳಿತ, ಊರ ಪಂಚಾಯಿತಿಗಳು ಮುಂದೆ ಬಂದು ನೆಲವನ್ನು ಇಡಿಯಾಗಿ ಕೊಂಡವೋ ಅಥವಾ ರೈಲ್ವೆಯಿಂದ ಕರಾರು ಮಾಡಿಕೊಂಡು ಪಡೆದವೋ, ಅಲ್ಲಿ ದಾರಿ ಉಳಿಯಿತು. ಆ ನೆಲ ಯಾವ ಒಬ್ಬ ರೈತನದೂ ಅಲ್ಲ, ಆದ್ದರಿಂದಲೇ ಎಲ್ಲರಿಗೂ ಅನ್ನ ತರುತ್ತಿದೆ. ನಿಮ್ಮ ಮನೆಯ ಎರಡು ಲೀಟರು ಹಾಲು ತಾನಾಗಿ ಪಟ್ಟಣ ಮುಟ್ಟುವುದಿಲ್ಲ. ಸಂಘ, ಶೀತಲ ಕೇಂದ್ರ, ಟ್ಯಾಂಕರು, ಡೇರಿ ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಾಲು ಕ್ಯಾನಿನಲ್ಲೇ ಒಡೆಯುತ್ತದೆ. ದಾರಿಯಾಗಲಿ ಸಂಘವಾಗಲಿ, ಕೂಡಿಸಿ ಕಟ್ಟಿದ್ದನ್ನು ತುಂಡು ಮಾಡುವುದು ಒಂದು ದಿನದ ಕೆಲಸ, ಮತ್ತೆ ಕೂಡಿಸುವುದು ಒಂದು ತಲೆಮಾರಿನ ಕೆಲಸ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.