ದತ್ತಿಯ ಹಣ ಎಲ್ಲಿ ದುಡಿಯುತ್ತದೆ?

ನಮ್ಮ ಶಾಸನಗಳನ್ನು ಓದಿದವರಿಗೆ ದತ್ತಿಯೆಂಬ ಮಾತು ಹೊಸದಲ್ಲ. ದೇವಾಲಯದ ನಂದಾದೀವಿಗೆಗೆಂದು ಒಬ್ಬಾತ ಇಷ್ಟು ಗದ್ಯಾಣವನ್ನು ಬಿಡುತ್ತಾನೆ. ಮೂಲಧನಕ್ಕೆ ಕೈಹಚ್ಚದೆ ಅದರ ಬಡ್ಡಿಯಿಂದಲೇ ದೀಪದ ಎಣ್ಣೆ ನಡೆಯಬೇಕು. ಆ ಬಡ್ಡಿ ಯಾವ ವ್ಯಾಪಾರದಿಂದ ಬಂತೆಂಬುದನ್ನು ನಾನು ಓದಿದ ಶಾಸನಗಳು ಹೇಳುವುದಿಲ್ಲ. ಅಮೆರಿಕೆಯ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳ ಸಂಪತ್ತೂ ಹೆಚ್ಚುಕಡಿಮೆ ಇದೇ ಬಗೆಯದು. ದಾನಿಗಳು ಕೊಟ್ಟ ನಿಧಿಯನ್ನು ಷೇರುಗಳಲ್ಲಿ ತೊಡಗಿಸಿ, ಬಂದ ಲಾಭದಿಂದ ವಿದ್ಯಾರ್ಥಿವೇತನವನ್ನೂ ಗ್ರಂಥಾಲಯವನ್ನೂ ನಡೆಸುತ್ತಾರೆ. ಹಾರ್ವರ್ಡಿನ ನಿಧಿ ಇಂದು 5,000 ಕೋಟಿ ಡಾಲರುಗಳನ್ನು ಮೀರಿದೆ. ಸರಕಾರದ ಅನುದಾನವನ್ನು ಎದುರುನೋಡುತ್ತಲೇ ಆಯುಷ್ಯ ಸವೆಸಿದ ನಮ್ಮಂಥ ಮೇಷ್ಟರುಗಳಿಗೆ ಇದು ಅಸೂಯೆಯ ಸಂಗತಿಯೇ ಸರಿ. ಆದರೆ ಈ ಹಣ ಯಾರ ಮನೆಯಲ್ಲಿ ದುಡಿದು ಬರುತ್ತದೆಂದು ಗಟ್ಟಿಯಾಗಿ ಕೇಳಿದವರು ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ವಿದ್ಯಾರ್ಥಿಗಳು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ನಾವು ಡಾ. ಅಂಬೇಡ್ಕರರ ಮೂಲಕ ಬಲ್ಲೆವು. ಅವರು ಅಲ್ಲಿ 1913ರಿಂದ 1916ರವರೆಗೆ ಓದಿದರು. 1985ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗರು ಹತರಾದ ದಿನದಂದೇ, ಅಲ್ಲಿನ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್ ಎಂಬ ಕಟ್ಟಡದ ಬಾಗಿಲಿಗೆ ಸರಪಳಿ ಬಿಗಿದು ಮೆಟ್ಟಿಲುಗಳ ಮೇಲೆ ಕುಳಿತರು. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ವ್ಯವಹರಿಸುವ ಕಂಪನಿಗಳ ಷೇರುಗಳನ್ನು ಮಾರಿಬಿಡಿ ಎಂಬುದು ಅವರ ಬೇಡಿಕೆ. ಮೂರು ವಾರ ಅವರು ಕದಲಲಿಲ್ಲ. ಆಗ ಸೆರೆಯಲ್ಲಿದ್ದ ಮಂಡೇಲರ ಹೆಸರನ್ನೇ ಆ ಕಟ್ಟಡಕ್ಕೆ ಇಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ಧರ್ಮದರ್ಶಿಗಳ ಮಂಡಲಿ ಆ ಷೇರುಗಳನ್ನು ಮಾರಲು ಒಪ್ಪಿತು. 1986ರ ಜುಲೈಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವೂ 300 ಕೋಟಿ ಡಾಲರುಗಳಿಗೂ ಮಿಕ್ಕಿದ ಹೂಡಿಕೆಯನ್ನು ಹಿಂತೆಗೆಯಲು ನಿಶ್ಚಯಿಸಿತು.

ಎದುರುವಾದವೇನೂ ಹಗುರವಾಗಿರಲಿಲ್ಲ. ಹಾರ್ವರ್ಡಿನ ಅಧ್ಯಕ್ಷ ಡೆರೆಕ್ ಬಾಕ್ ಪೂರ್ಣ ಹಿಂತೆಗೆತವನ್ನು ಒಪ್ಪಲಿಲ್ಲ. ನಾವು ಮಾರಿದ ಷೇರನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಒಳಗಿದ್ದರೆ ಕಂಪನಿಯನ್ನು ತಿದ್ದಬಹುದು ಎನ್ನುವವರು ಅನೇಕರಿದ್ದರು. ತಿದ್ದುವ ಪ್ರಯತ್ನವೂ ನಡೆದಿತ್ತು. ಜನರಲ್ ಮೋಟರ್ಸ್ ಮಂಡಲಿಯಲ್ಲಿದ್ದ ಕರಿಯ ಪಾದ್ರಿ ಲಿಯಾನ್ ಸಲಿವನ್ 1977ರಲ್ಲಿ ಇಂಥ ಕಂಪನಿಗಳಿಗೊಂದು ನಡವಳಿಕೆಯ ಸಂಹಿತೆಯನ್ನು ರೂಪಿಸಿದರು: ಕರಿಯರಿಗೂ ಬಿಳಿಯರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ, ಒಂದೇ ಊಟದ ಕೋಣೆ. ಹತ್ತು ವರ್ಷ ಕಾದ ಮೇಲೆ, 1987ರಲ್ಲಿ, ಇದು ಸಾಲದು, ಕಂಪನಿಗಳು ಹೊರಡಲಿ ಎಂದವರೂ ಅವರೇ. ಷೇರು ಮಾರಿದ್ದರಿಂದ ಕಂಪನಿಗಳಿಗೆ ತಟ್ಟಿದ ನಷ್ಟ ಅಲ್ಪವೆಂದು ನಾನೂ ಭಾವಿಸುತ್ತೇನೆ, ತಟ್ಟಿದ್ದು ನಾಚಿಕೆ. ಅದು ಕಡಿಮೆಯ ಆಯುಧವಲ್ಲ.

ಆಯುಧಗಳ ವಿಷಯಕ್ಕೆ ಬಂದರೆ ದಾರಿ ಇಷ್ಟು ನೇರವಾಗಿಲ್ಲ. ವರ್ಣಭೇದವನ್ನು ಸಮರ್ಥಿಸುವ ಸಜ್ಜನರು ವಿರಳ. ದೇಶರಕ್ಷಣೆಯನ್ನು ಸಮರ್ಥಿಸುವವರು ಎಲ್ಲೆಲ್ಲೂ ಇದ್ದಾರೆ. ಯುದ್ಧವಿಮಾನಕ್ಕೆ ಎಂಜಿನ್ನು ಮಾಡುವ ರೋಲ್ಸ್ ರಾಯ್ಸ್ ಕಂಪನಿಯೇ ಪ್ರಯಾಣಿಕರ ವಿಮಾನಕ್ಕೂ ಮಾಡುತ್ತದೆ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ನುಗ್ಗಿದ ಬಳಿಕ, ಬಂದೂಕೇ ಬೇಡವೆನ್ನುವ ಮಾತು ಯುರೋಪಿನಲ್ಲಿ ಇನ್ನಷ್ಟು ಕಷ್ಟವಾಯಿತು. ಆದರೂ ನೆರೆಯ ದೇಶವನ್ನು ತಡೆಯುವ ಫಿರಂಗಿ ಬೇರೆ, ಆ ಫಿರಂಗಿ ಹೆಚ್ಚು ಮಾರಾಟವಾದಷ್ಟೂ ವಿದ್ಯಾಪೀಠದ ಬೊಕ್ಕಸ ತುಂಬುವುದು ಬೇರೆ. ಮೊದಲನೆಯದನ್ನು ಸರಕಾರ ಹೊರಲಿ. ಎರಡನೆಯದನ್ನು ಹೊರಬೇಕೆಂದು ತತ್ತ್ವಶಾಸ್ತ್ರ ಕಲಿಸುವ ಸಂಸ್ಥೆಗೆ ಯಾರೂ ವಿಧಿಸಿಲ್ಲ.

2024ರ ಏಪ್ರಿಲಿನಲ್ಲಿ ಗಾಜಾ ಯುದ್ಧವನ್ನು ಕಂಡು ಕೊಲಂಬಿಯಾದ ಹುಲ್ಲುಹಾಸಿನ ಮೇಲೆ ಮತ್ತೆ ಡೇರೆಗಳೆದ್ದವು. ಅದೇ ಹ್ಯಾಮಿಲ್ಟನ್ ಹಾಲನ್ನು ಹೊಕ್ಕವರನ್ನು ಪೊಲೀಸರು ತಿಂಗಳ ಕೊನೆಯ ರಾತ್ರಿ ಹೊರಹಾಕಿದರು. ಈ ಸಲ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಯೆಹೂದಿ ವಿದ್ಯಾರ್ಥಿಗಳಲ್ಲಿ ಭೀತರಾದವರೂ ಇದ್ದರು, ಡೇರೆಗಳಲ್ಲೇ ಕುಳಿತವರೂ ಇದ್ದರು. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ನ್ಯಾಯವಲ್ಲ. ಮೇ ತಿಂಗಳಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ತನ್ನ ವಿದ್ಯಾರ್ಥಿಗಳೊಡನೆ ಮಾತಾಡಿ, ಆಕ್ರಮಿತ ಪ್ರದೇಶದಲ್ಲಿ ವ್ಯವಹರಿಸುವುದಾಗಿ ವಿಶ್ವಸಂಸ್ಥೆ ಪಟ್ಟಿಮಾಡಿದ ಇಸ್ರೇಲಿ ಕಂಪನಿಗಳಿಂದ ಹಣ ತೆಗೆಯಲು ಒಪ್ಪಿತು. 2025ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಆಯುಧ ತಯಾರಕರಲ್ಲಿ ಹಣ ಹೂಡುವುದಿಲ್ಲವೆಂದು ಸಾರಿತು.

ಕೊಲಂಬಿಯಾದ ಹುಡುಗರ ಘೋಷಣೆಯಲ್ಲಿ ಮೊದಲ ಮಾತು 'ಮಾರಿ' ಎಂಬುದಾಗಿರಲಿಲ್ಲ, 'ಬಹಿರಂಗಪಡಿಸಿ' ಎಂಬುದಾಗಿತ್ತು. ನಿಧಿಯ ಬಹುಪಾಲು ಮಧ್ಯವರ್ತಿಗಳ ಕೈಯಲ್ಲಿ, ಹಲವರ ಹಣದೊಡನೆ ಬೆರೆತಿರುವುದರಿಂದ, ಯಾವ ಡಾಲರು ಯಾವ ಕಾರ್ಖಾನೆಯಲ್ಲಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಷೇರು ಮಾರುವ ವಿಷಯದಲ್ಲಿ ಪ್ರಾಮಾಣಿಕರಾದ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಪಟ್ಟಿಯನ್ನು ಕೊಡಲಾರೆವೆಂಬುದಕ್ಕೆ ಮಾತ್ರ ನನಗೆ ಒಪ್ಪುವಂಥ ಕಾರಣವೊಂದೂ ದೊರೆತಿಲ್ಲ.